ಪ್ರೋಗ್ರಾಂ ಎಲ್ಲಿ ನಿಂತಿದೆ ಎಂಬುದನ್ನೂ ಮಕ್ಕಳಿಗೆ ಹೇಳಿಕೊಡೋಣ

ನಮ್ಮ ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಒಂದುಂಟು. "ಮಾಷ್ಟ್ರೇ, ನಿನ್ನೆ ಸರಿ ಇತ್ತು, ಇವತ್ತು ಆಗುವುದಿಲ್ಲ." ವಿಚಾರಿಸಿ ನೋಡಿದರೆ ನಿನ್ನೆ ಆ ಹುಡುಗ ತನ್ನ ಪೈಥಾನ್ ಪ್ರೋಗ್ರಾಮನ್ನು ಜೀನಿಯಲ್ಲಿ ತೆರೆದು ಅಲ್ಲಿಂದಲೇ ಓಡಿಸಿರುತ್ತಾನೆ. ಇವತ್ತು ಅದಕ್ಕೊಂದು ಚಂದದ ಐಕನ್ ಮಾಡಿ ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದಾನೆ. ಐಕನ್ ಒತ್ತಿದರೆ ಏನೂ ಆಗುವುದಿಲ್ಲ. ಅಥವಾ ಪರದೆ ಒಮ್ಮೆ ಮಿಂಚಿ ಮಾಯವಾಗುತ್ತದೆ. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಿಲ್ಲ.

ಇದನ್ನು "ಕಂಪ್ಯೂಟರಿನ ತೊಂದರೆ" ಎಂದು ಬಿಡುವವರೇ ಹೆಚ್ಚು. ಎಲ್ಲವನ್ನೂ ತೆಗೆದು ಹೋಮ್ ಫೋಲ್ಡರಿಗೆ ಸುರಿದು "ಈಗ ಆಯ್ತಲ್ಲ" ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಇದು ಯಂತ್ರದ ತೊಂದರೆಯಲ್ಲ, ಮಕ್ಕಳ ದಡ್ಡತನವೂ ಅಲ್ಲ. ನಾವು ಕಲಿಸದೆ ಬಿಟ್ಟ ಒಂದು ಪಾಠ. ಅದರ ಹೆಸರು ವರ್ಕಿಂಗ್ ಡೈರೆಕ್ಟರಿ. ನಾನು ತರಗತಿಯಲ್ಲಿ ಅದನ್ನು "ನಿಂತ ಜಾಗ" ಎಂದು ಕರೆಯುತ್ತೇನೆ. ಇಲ್ಲಿಯೂ ಹಾಗೆಯೇ ಕರೆಯುವೆ.

ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಆ ಕ್ಷಣಕ್ಕೆ ಒಂದು ಫೋಲ್ಡರ್ "ನಿಂತ ಜಾಗ"ವಾಗಿರುತ್ತದೆ. ಪ್ರೋಗ್ರಾಮಿನ ಕಡತ ಎಲ್ಲಿದೆಯೋ ಅದೇ ಅದರ ನಿಂತ ಜಾಗ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಯಾರು ಅದನ್ನು ಹೊರಡಿಸಿದರೋ ಅವರ ನಿಂತ ಜಾಗವೇ ಅದಕ್ಕೆ ಬಳುವಳಿಯಾಗಿ ಬರುತ್ತದೆ. ಯುನಿಕ್ಸ್ ಕಾಲದಿಂದಲೂ ಇದೇ ಕ್ರಮ. ಪ್ರೋಗ್ರಾಮಿನ ಒಳಗೆ ನಾವು "ಪ್ರಶ್ನೆಗಳು.ಟಿಎಕ್ಸ್‌ಟಿ ತೆರೆ" ಎಂದು ಬರಿಯ ಹೆಸರು ಬರೆದರೆ, ಅದು ಆ ಕಡತವನ್ನು ನಿಂತ ಜಾಗದಲ್ಲಿ ಹುಡುಕುತ್ತದೆ. ತಾನು ಹುಟ್ಟಿದ ಮನೆಯಲ್ಲಿ ಹುಡುಕುವುದಿಲ್ಲ.

ಮಕ್ಕಳಿಗೆ ಹೀಗೆ ಹೇಳಿದರೆ ಬೇಗ ಹಿಡಿಯುತ್ತದೆ. ಮನೆಯಲ್ಲಿ ಪಾಯಸ ಮಾಡಿದ್ದಾರೆ. ತೂಕುಪಾತ್ರೆಯಲ್ಲಿ ಹಾಕಿ ಅಮ್ಮ ಹೇಳುತ್ತಾಳೆ, "ಪಕ್ಕದ ಮನೆಗೆ ಕೊಟ್ಟು ಬಾ." ಹುಡುಗ ಕೊಟ್ಟು ಬರುತ್ತಾನೆ. ಇದೇ ಮಾತನ್ನು ರಜೆಯಲ್ಲಿ ಅಜ್ಜನ ಮನೆಯಲ್ಲಿ ಅಜ್ಜಿ ಹೇಳಿದರೆ? ಮಾತು ಅದೇ, ಹುಡುಗ ಅವನೇ, ಪಾಯಸ ಹೋಗುವುದು ಬೇರೆ ಮನೆಗೆ. "ಪಕ್ಕದ ಮನೆ" ಎನ್ನುವುದು ವಿಳಾಸವಲ್ಲ, ನಿಂತ ಜಾಗದಿಂದ ಅರ್ಥ ಪಡೆಯುವ ಮಾತು. ಕಡತದ ಬರಿಯ ಹೆಸರೂ ಹಾಗೆಯೇ.

ಹಾಗಾದರೆ ಜೀನಿಯಲ್ಲಿ ಯಾಕೆ ಸರಿಯಾಯಿತು? ಜೀನಿ ಒಂದು ಉಪಕಾರ ಮಾಡುತ್ತದೆ. ನೀವು ತೆರೆದಿರುವ ಕಡತ ಯಾವ ಫೋಲ್ಡರಿನಲ್ಲಿದೆಯೋ ಅಲ್ಲಿಗೇ ಹೋಗಿ ನಿಂತು ಪ್ರೋಗ್ರಾಮನ್ನು ಓಡಿಸುತ್ತದೆ. ಪೈಥಾನಿನ ಜೊತೆ ಬರುವ ಐಡಲ್ ಕೂಡ ಓಡಿಸುವ ಮೊದಲು ಪ್ರೋಗ್ರಾಮಿನ ಫೋಲ್ಡರಿಗೇ ಹೋಗುತ್ತದೆ. ಐಕನಿಗೆ ಅಂಥ ಕನಿಕರವಿಲ್ಲ. ನಮ್ಮ ಲ್ಯಾಬಿನ ಉಬುಂಟು ಮೂಲದ ವ್ಯವಸ್ಥೆಯಲ್ಲಿ ಮೆನುವಿನಿಂದಲೋ ಐಕನಿನಿಂದಲೋ ಹೊರಟ ಪ್ರೋಗ್ರಾಂ, ಬೇರೇನೂ ಹೇಳದಿದ್ದರೆ, ಸಾಮಾನ್ಯವಾಗಿ ಹೋಮ್ ಫೋಲ್ಡರಿನಲ್ಲಿ ನಿಂತಿರುತ್ತದೆ. ಚಿತ್ರ, ಧ್ವನಿ, ಪ್ರಶ್ನೆಗಳ ಕಡತ ಎಲ್ಲ ಇರುವುದು ಬೇರೆ ಫೋಲ್ಡರಿನಲ್ಲಿ.

ಪೈಥಾನಿನಲ್ಲಿ ಇನ್ನೊಂದು ಗೊಂದಲವೂ ಉಂಟು, ಅದನ್ನು ಯಾರೂ ಹೇಳುವುದಿಲ್ಲ. ಪ್ರೋಗ್ರಾಮಿನ ಪಕ್ಕದಲ್ಲೇ ಇರುವ ಇನ್ನೊಂದು ಪೈಥಾನ್ ಕಡತವನ್ನು "ಇಂಪೋರ್ಟ್" ಎಂದು ಕರೆದರೆ ಐಕನಿನಿಂದಲೂ ಸರಿಯಾಗಿ ಸಿಗುತ್ತದೆ. ಯಾಕೆಂದರೆ ಇಂಪೋರ್ಟ್ ಮಾಡುವಾಗ ಪೈಥಾನ್ ಮೊದಲು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ. ಆದರೆ "ಓಪನ್" ಎಂದು ಕಡತ ತೆರೆಯುವಾಗ ನೋಡುವುದು ನಿಂತ ಜಾಗದಲ್ಲಿ. ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇರುವ ಎರಡು ಕಡತಗಳಲ್ಲಿ ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ! ಟರ್ಟಲ್‌ನಲ್ಲಿ ಹಿನ್ನೆಲೆ ಚಿತ್ರ ಹಾಕುವ ಮಕ್ಕಳಿಗೂ ಇದೇ ಗತಿ. ಎಂಟನೇ ತರಗತಿಯ ಹುಡುಗಿ ಇದರಿಂದ ಏನು ತೀರ್ಮಾನಕ್ಕೆ ಬರಬೇಕು? ಕಂಪ್ಯೂಟರಿಗೆ ಮನಸ್ಸು ಬಂದಂತೆ ಮಾಡುತ್ತದೆ ಎಂದೇ ತಾನೆ.

ದೋಷ ಸಂದೇಶವಾದರೂ ಸಹಾಯ ಮಾಡುತ್ತದೆಯೇ ಎಂದರೆ ಅದೂ ಇಲ್ಲ. "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ನಾವು ಬರೆದ ಹೆಸರನ್ನೇ ತಿರುಗಿ ನಮ್ಮ ಮುಖಕ್ಕೆ ಹಿಡಿಯುತ್ತದೆ. ಎಲ್ಲಿ ಹುಡುಕಿದೆ ಎಂದು ಹೇಳುವುದಿಲ್ಲ. ನಮ್ಮ ಮಕ್ಕಳು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, "ಅಂಥ ಕಡತ ಇಲ್ಲ" ಎಂದು ಅರ್ಥ ಮಾಡಿಕೊಂಡು, ಕಡತ ಅಳಿಸಿಹೋಯಿತು ಎಂದು ಹೆದರುತ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಈ ಸಂದೇಶ ಎರಡು ಸಲ ಮುಚ್ಚಿದ ಬಾಗಿಲು. ಒಂದು ಭಾಷೆಯಿಂದ, ಇನ್ನೊಂದು ಅರ್ಧ ಹೇಳಿ ಬಿಟ್ಟದ್ದರಿಂದ. ಐಕನಿನಿಂದ ಹೊರಟಾಗಲಂತೂ ಆ ಸಂದೇಶ ಕಾಣಿಸಿಕೊಳ್ಳುವ ಟರ್ಮಿನಲ್ ಕಿಟಕಿಯೇ ಇರುವುದಿಲ್ಲ.

ಇಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಓಡದ ಪ್ರೋಗ್ರಾಂ ಅಷ್ಟು ಅಪಾಯಕಾರಿ ಅಲ್ಲ. ತಪ್ಪು ಜಾಗದಲ್ಲಿ ನಿಂತು ಸರಾಗವಾಗಿ ಓಡುವ ಪ್ರೋಗ್ರಾಂ ಅಪಾಯಕಾರಿ.

ನನಗೆ ಗೊತ್ತಿರುವ ಒಂದು ಶಾಲೆಯ ಮಕ್ಕಳು ಸೇರಿ ವಾಚನಾಲಯಕ್ಕೆ ಒಂದು ಪ್ರೋಗ್ರಾಂ ಮಾಡಿದರು. ಯಾವ ಪುಸ್ತಕ ಯಾರ ಕೈಗೆ ಹೋಯಿತು, ಯಾವಾಗ ತಿರುಗಿ ಬಂತು ಎಂಬ ಲೆಕ್ಕ. ಮಾಹಿತಿ ಇಡಲು ಎಸ್‌ಕ್ಯುಲೈಟ್ ಬಳಸಿದ್ದರು. ಪುಸ್ತಕಗಳ ಹೆಸರೆಲ್ಲ ಕನ್ನಡದಲ್ಲೇ. ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ವಾಚನಾಲಯ ನೋಡಿಕೊಳ್ಳುವ ಟೀಚರಿಗೆ ಸುಲಭವಾಗಲಿ ಎಂದು ಯಾರೋ ಡೆಸ್ಕ್‌ಟಾಪಿನಲ್ಲಿ ಐಕನ್ ಇಟ್ಟುಕೊಟ್ಟರು. ಟೀಚರ್ ಐಕನ್ ಒತ್ತಿದರು. ಪ್ರೋಗ್ರಾಂ ತೆರೆಯಿತು. ಒಳಗೆ ಒಂದೇ ಒಂದು ದಾಖಲೆ ಇಲ್ಲ!

ಎಸ್‌ಕ್ಯುಲೈಟಿನ ಗುಣ ಇಲ್ಲಿ ತಿಳಿದಿರಬೇಕು. ಪೈಥಾನಿನಿಂದ ಅದಕ್ಕೆ "ಈ ಹೆಸರಿನ ಕಡತಕ್ಕೆ ಸಂಪರ್ಕ ಕೊಡು" ಎಂದಾಗ, ನಿಂತ ಜಾಗದಲ್ಲಿ ಅಂಥ ಕಡತ ಇಲ್ಲದಿದ್ದರೆ ತಕರಾರು ಮಾಡದೆ ಖಾಲಿಯಾದ ಹೊಸದೊಂದನ್ನು ಸೃಷ್ಟಿಸುತ್ತದೆ. "ಪಟ್ಟಿ ಇಲ್ಲದಿದ್ದರೆ ಮಾಡಿಕೋ" ಎಂಬ ಸಾಲನ್ನು ಮಕ್ಕಳು ಮೊದಲೇ ಬರೆದಿದ್ದರು, ಎಲ್ಲ ಪುಸ್ತಕಗಳಲ್ಲೂ ಹಾಗೆ ಬರೆಯಲು ಹೇಳುತ್ತಾರೆ. ಹಾಗಾಗಿ ದೋಷ ಸಂದೇಶಕ್ಕೆ ಎಡೆಯೇ ಇರಲಿಲ್ಲ. ಟೀಚರ್ ಆ ದಿನದಿಂದ ಖಾಲಿ ಪುಸ್ತಕದಲ್ಲಿ ಹೊಸ ಲೆಕ್ಕ ಬರೆಯತೊಡಗಿದರು. ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಜೀನಿಯಿಂದ ಓಡಿಸಿ ಹಳೆಯ ಪುಸ್ತಕದಲ್ಲಿ ಬರೆದರು. ಆ ಕಂಪ್ಯೂಟರಿನಲ್ಲಿ ಮಕ್ಕಳಿಗೊಂದು, ಶಿಕ್ಷಕರಿಗೊಂದು ಎಂದು ಎರಡು ಲಾಗಿನ್ ಇತ್ತು. ಎರಡಕ್ಕೂ ಬೇರೆ ಬೇರೆ ಹೋಮ್. ಮಕ್ಕಳೂ ಐಕನ್ ಒತ್ತತೊಡಗಿದಾಗ ಮೂರನೆಯ ಪುಸ್ತಕವೂ ಹುಟ್ಟಿತು. ಒಂದೇ ವಾಚನಾಲಯಕ್ಕೆ ಮೂರು ಲೆಕ್ಕ, ಮೂರೂ ಅರ್ಧಂಬರ್ಧ.

ತಿರುಗಿ ಕೊಟ್ಟ ಪುಸ್ತಕವನ್ನು "ಕೊಟ್ಟಿಲ್ಲ" ಎಂದು ಕೇಳಿಸಿಕೊಂಡ ಮಗುವಿನ ಅವಸ್ಥೆ ಊಹಿಸಿ. ಕೊನೆಗೆ ಆದದ್ದೇನು? "ಮಕ್ಕಳ ಪ್ರೋಗ್ರಾಂ ಎಲ್ಲ ಅಳಿಸಿಹಾಕಿತು" ಎಂಬ ತೀರ್ಪು. ಹಳೆಯ ಗೆರೆ ಹಾಕಿದ ರಿಜಿಸ್ಟರ್ ತಿರುಗಿ ಬಂತು. ಒಂದಕ್ಷರವೂ ಅಳಿಸಿಹೋಗಿರಲಿಲ್ಲ. ಆ ಕಂಪ್ಯೂಟರಿನಲ್ಲಿ ಕಡತದ ಹೆಸರು ಹಾಕಿ ಹುಡುಕಿದ್ದರೆ ಮೂರೂ ಸಿಗುತ್ತಿದ್ದವು. ಗಾತ್ರ, ತಾರೀಕು ನೋಡಿದ್ದರೆ ಕಥೆಯೆಲ್ಲ ಅರ್ಥವಾಗುತ್ತಿತ್ತು. ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಪ್ರೋಗ್ರಾಂ ಬೇರೆ ಜಾಗದಲ್ಲಿ ನಿಲ್ಲಬಹುದು ಎಂಬ ಕಲ್ಪನೆಯೇ ಯಾರಿಗೂ ಇರಲಿಲ್ಲ. ಇನ್ನು ಆ ಮಕ್ಕಳು ಶಾಲೆಗಾಗಿ ಏನಾದರೂ ಮಾಡಿಕೊಡಲು ಮುಂದೆ ಬರುವರೇ?

ಕೇರಳದಲ್ಲಿ ನಮಗೆ ಒಂದು ಅನುಕೂಲವುಂಟು, ಅದನ್ನು ಒಪ್ಪಲೇಬೇಕು. 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಬಂತು, ಅದು 2017ರಲ್ಲಿ ಕೈಟ್ ಆಯಿತು, 2018ರಲ್ಲಿ ಲಿಟ್ಲ್ ಕೈಟ್ಸ್ ಘಟಕಗಳು ಶುರುವಾದವು. ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶ, ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಲಭ್ಯ. ಹೈಸ್ಕೂಲಿನ ಮಕ್ಕಳು ಪೈಥಾನ್ ಬರೆಯುತ್ತಾರೆ ಎಂದರೆ ಸಣ್ಣ ಮಾತಲ್ಲ. ಬರೆಯುವ ತನಕ ತಂದು ನಿಲ್ಲಿಸಿದ ಮೇಲೆ, ಬರೆದದ್ದು ಇನ್ನೊಬ್ಬರ ಕೈಯಲ್ಲಿ ಓಡುವ ಹಾಗೆ ಮಾಡುವುದನ್ನೂ ಹೇಳಿಕೊಡುವ ಹೊಣೆ ನಮ್ಮದು. ಪ್ರೋಗ್ರಾಂ ಬರೆದವನ ಮೇಜು ಬಿಟ್ಟು ಹೊರಡುವುದೇ ಐಕನಿನ ಮೂಲಕ. ಸರಿಯಾಗಿ ಅಲ್ಲಿಯೇ ಅದು ಎಡವುತ್ತದೆ.

ಕೆಲವು ಸಹೋದ್ಯೋಗಿಗಳು ಹೇಳುವುದುಂಟು, "ಪೂರ್ತಿ ವಿಳಾಸ ಬರೆಸಿಬಿಡಿ, ಮುಗಿಯಿತಲ್ಲ" ಎಂದು. ಮುಗಿಯುವುದಿಲ್ಲ. ಹೋಮ್, ಅದರೊಳಗೆ ಆ ಲಾಗಿನ್ನಿನ ಹೆಸರು, ಅದರೊಳಗೆ ಆ ಫೋಲ್ಡರು ಎಂದು ಪ್ರೋಗ್ರಾಮಿನಲ್ಲಿ ಕೆತ್ತಿಟ್ಟರೆ ಆ ಒಂದು ಕಂಪ್ಯೂಟರಿನಲ್ಲಿ ಸರಿ. ಪೆನ್‌ಡ್ರೈವಿನಲ್ಲಿ ಹಾಕಿ ಉಪಜಿಲ್ಲಾ ಮೇಳಕ್ಕೆ ಕೊಂಡುಹೋದರೆ ಅಲ್ಲಿ ಲಾಗಿನ್ನಿನ ಹೆಸರು ಬೇರೆ. ತೀರ್ಪುಗಾರರ ಎದುರು ಮಗು ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಸರಿಯಾದ ದಾರಿ ಪ್ರೋಗ್ರಾಮಿಗೆ ತನ್ನ ಮನೆ ತಾನೇ ಕಂಡುಕೊಳ್ಳಲು ಕಲಿಸುವುದು. ಪೈಥಾನಿನಲ್ಲಿ ಓಡುತ್ತಿರುವ ಕಡತದ ಹೆಸರು, ಹಿಂದೆ ಎರಡು ಮುಂದೆ ಎರಡು ಅಡಿಗೆರೆ ಇರುವ "ಫೈಲ್" ಎಂಬ ಪದದಲ್ಲಿ ಸಿಗುತ್ತದೆ. ಪಾತ್‌ಲಿಬ್ ಎಂಬ ಘಟಕದ "ಪಾತ್" ಅನ್ನು ಅದಕ್ಕೆ ಹಾಕಿ, "ರಿಸಾಲ್ವ್" ಮಾಡಿ, "ಪೇರೆಂಟ್" ಕೇಳಿದರೆ ಪ್ರೋಗ್ರಾಂ ಇರುವ ಫೋಲ್ಡರ್ ಕೈಗೆ ಬರುತ್ತದೆ. ಒಂದೇ ಸಾಲು. ಅದಕ್ಕೆ "ಮನೆ" ಎಂದು ಹೆಸರಿಟ್ಟು, ಮುಂದೆ ಎಲ್ಲ ಕಡತವನ್ನೂ "ಮನೆ"ಯಿಂದಲೇ ತೆರೆಯುವುದು. ಅಂದಹಾಗೆ ಪೈಥಾನ್ ಮೂರರಲ್ಲಿ ಚಲಕ್ಕೆ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ನಮ್ಮ ಮಕ್ಕಳಿಗೆ ಇದು ಗೊತ್ತಾದಾಗ ಮುಖ ಅರಳುವುದನ್ನು ನೋಡಬೇಕು.

ಇದರ ಬದಲು, ಮೊದಲ ಸಾಲಿನಲ್ಲೇ ಪ್ರೋಗ್ರಾಮನ್ನು ಅದರ ಮನೆಗೆ ಕಳುಹಿಸಿಬಿಡುವ ಉಪಾಯವೂ ಇದೆ. ಚಿಕ್ಕ ಆಟಗಳಿಗೆ ಸಾಕು. ಆದರೆ ಬಳಸುವವರು ತಾವು ನಿಂತ ಜಾಗದ ಕಡತವೊಂದರ ಹೆಸರು ಕೊಟ್ಟು ಓಡಿಸುವ ಪ್ರೋಗ್ರಾಮಾದರೆ ಅದೇ ಉಪಾಯ ತಿರುಗುಬಾಣ. ಅವರು ಕೊಟ್ಟ ಹೆಸರಿನ ಅರ್ಥವೇ ಬದಲಾಗುತ್ತದೆ. ನಿಂತ ಜಾಗ ಎನ್ನುವುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಗಮನಿಸಿ. ಟರ್ಮಿನಲಿನಲ್ಲಿ ಕುಳಿತು ಒಂದು ಫೋಲ್ಡರಿಗೆ ಹೋಗಿ "ಇಲ್ಲಿರುವುದನ್ನು ತೋರಿಸು" ಎನ್ನುವವನು ಆ ಜಾಗವನ್ನು ಬೇಕೆಂದೇ ಆರಿಸಿಕೊಂಡಿದ್ದಾನೆ, ಅವನ ಆಯ್ಕೆಗೆ ಅರ್ಥವುಂಟು. ಐಕನ್ ಒತ್ತುವವಳು ಎಲ್ಲಿಯೂ ನಿಂತಿಲ್ಲ. ಅವಳು ಹೇಳದ ಮಾತನ್ನು ಹೇಳಿದ್ದಾಳೆಂದು ಪ್ರೋಗ್ರಾಂ ಭಾವಿಸುವುದೇ ಅನ್ಯಾಯ.

ಐಕನಿನ ಕಡೆಯಿಂದಲೂ ಸರಿಪಡಿಸಬಹುದು. ಲೈನಕ್ಸಿನಲ್ಲಿ ಐಕನ್ ಎಂದರೆ ಒಂದು ಸಾದಾ ಪಠ್ಯ ಕಡತ, ಹೆಸರಿನ ಕೊನೆಗೆ "ಡಾಟ್ ಡೆಸ್ಕ್‌ಟಾಪ್" ಎಂದಿರುತ್ತದೆ. ಅದರಲ್ಲಿ "ಎಕ್ಸೆಕ್" ಎಂಬ ಸಾಲು ಏನನ್ನು ಓಡಿಸಬೇಕು ಎಂದು ಹೇಳುತ್ತದೆ. "ಪಾತ್" ಎಂಬ ಸಾಲು ಎಲ್ಲಿ ನಿಲ್ಲಬೇಕು ಎಂದು ಹೇಳುತ್ತದೆ. ಈ ಎರಡನೆಯದನ್ನು ಬರೆಯುವುದು ಕಡ್ಡಾಯವಲ್ಲ, ಹಾಗಾಗಿ ಬರೆಯುವವರೂ ಕಡಿಮೆ. "ಎಕ್ಸೆಕ್" ಸಾಲಿನಲ್ಲಿಯೇ "ಮೊದಲು ಆ ಫೋಲ್ಡರಿಗೆ ಹೋಗು, ಆಮೇಲೆ ಓಡಿಸು" ಎಂದು ಟರ್ಮಿನಲಿನ ಹಾಗೆ ಬರೆದರೆ ನಡೆಯುವುದಿಲ್ಲ. ಆ ಸಾಲನ್ನು ಓದುವುದು ಶೆಲ್ ಅಲ್ಲ. ಹೋಮ್ ಎಂಬುದಕ್ಕೆ ನಾವು ಹಾಕುವ ಅಲೆಗೆರೆಯ ಚಿಹ್ನೆಯೂ ಅಲ್ಲಿ ಅರ್ಥವಾಗದು. ಫೋಲ್ಡರಿನ ಹೆಸರಲ್ಲಿ ತೆರಪು ಇದ್ದರೆ "ಎಕ್ಸೆಕ್" ಸಾಲಿನಲ್ಲಿ ಉದ್ಧರಣ ಚಿಹ್ನೆ ಬೇಕು, "ಪಾತ್" ಸಾಲಿನಲ್ಲಿ ಹಾಕಬಾರದು. ಏನೂ ಆಗದಿದ್ದಾಗ "ಟರ್ಮಿನಲ್" ಎಂಬ ಸಾಲನ್ನು "ಟ್ರೂ" ಎಂದು ಬದಲಿಸಿದರೆ ಸಂದೇಶಕ್ಕೊಂದು ಕಿಟಕಿಯಾದರೂ ಸಿಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಹೋದರೂ.

ಇದೇ ಕಡತದಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ, ವಿಷಯ ಸ್ವಲ್ಪ ಬದಿಗೆ ಸರಿದರೂ ಹೇಳುತ್ತೇನೆ. "ನೇಮ್" ಎಂಬ ಸಾಲಿನ ಕೆಳಗೆ ಭಾಷೆಯ ಸಂಕೇತ ಹಾಕಿ ಕನ್ನಡದಲ್ಲೊಂದು, ಮಲಯಾಳದಲ್ಲೊಂದು ಹೆಸರು ಬರೆಯಬಹುದು. ಕಂಪ್ಯೂಟರಿನ ಭಾಷೆ ಯಾವುದೋ ಆ ಹೆಸರು ಮೆನುವಿನಲ್ಲಿ ಕಾಣಿಸುತ್ತದೆ. ಒಂದೇ ಕಡತದಲ್ಲಿ ಎರಡು ಭಾಷೆಯೂ ಜಗಳವಿಲ್ಲದೆ ಕೂತಿರುತ್ತವೆ. ಗಡಿನಾಡಿನ ನಮಗೆ ಇದು ಸಣ್ಣ ಸಂತೋಷವಲ್ಲ.

ಆದರೆ "ಪಾತ್" ಸಾಲು ಆ ಒಂದು ಐಕನಿಗೆ ಮಾತ್ರ ಮದ್ದು. ನಾಳೆ ಇನ್ನೊಬ್ಬರು ಇನ್ನೊಂದು ಐಕನ್ ಮಾಡಿದರೆ ಮತ್ತೆ ಅದೇ ಕತೆ. ಎರಡನ್ನೂ ಮಾಡಿ, ಆದರೆ ಭರವಸೆ ಇಡಬೇಕಾದ್ದು ಪ್ರೋಗ್ರಾಮಿನ ಒಳಗಿನ ತಿದ್ದುಪಡಿಯ ಮೇಲೆ. ವಾಚನಾಲಯದಂಥ ಲೆಕ್ಕಕ್ಕಾದರೆ ಇನ್ನೂ ಒಂದು ಎಚ್ಚರ. ಮೂರು ಲಾಗಿನ್ನಿನವರು ಬರೆಯುವ ಪುಸ್ತಕಕ್ಕೆ ಮೂವರಿಗೂ ಬರೆಯಲು ಅನುಮತಿ ಇರುವ ಒಂದು ಫೋಲ್ಡರ್ ಗೊತ್ತುಮಾಡಿ. ಪುಸ್ತಕ ಅಲ್ಲಿ ಇಲ್ಲದಿದ್ದರೆ ತಾನಾಗಿ ಹೊಸದು ಮಾಡದೆ "ಪುಸ್ತಕ ಸಿಗಲಿಲ್ಲ, ಇಲ್ಲಿ ಹುಡುಕಿದೆ" ಎಂದು ಪೂರ್ತಿ ವಿಳಾಸದೊಂದಿಗೆ ಕನ್ನಡದಲ್ಲಿ ಹೇಳುವಂತೆ ಬರೆಸಿ. ಇಂಗ್ಲಿಷಿನ ಸಂದೇಶ ಹೇಳದೆ ಬಿಟ್ಟದ್ದನ್ನು ನಮ್ಮ ಮಕ್ಕಳು ಹೇಳಿಸಲಿ.

ಮನೆಯಲ್ಲಿ ವಿಂಡೋಸ್ ಇರುವ ಹೆತ್ತವರು ಇದು ನಮಗಲ್ಲ ಎಂದುಕೊಳ್ಳಬೇಡಿ. ಶಾರ್ಟ್‌ಕಟ್ಟಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ "ಸ್ಟಾರ್ಟ್ ಇನ್" ಎಂಬ ಡಬ್ಬಿ ಕಾಣುತ್ತದೆ. ಅದೇ ಇದು. 1992ರ ವಿಂಡೋಸ್ 3.1ರಲ್ಲಿ ಆ ಡಬ್ಬಿಯ ಮೇಲೆ ನೇರವಾಗಿ "ವರ್ಕಿಂಗ್ ಡೈರೆಕ್ಟರಿ" ಎಂದೇ ಬರೆದಿರುತ್ತಿತ್ತು. ಹೆಸರು ಬದಲಿಸಿ ಸುಲಭ ಮಾಡಹೊರಟು ವಿಷಯವನ್ನೇ ಮರೆಸಿದರು ಎಂಬುದು ನನ್ನ ಅನಿಸಿಕೆ. "ರನ್ ಆಸ್ ಅಡ್ಮಿನಿಸ್ಟ್ರೇಟರ್" ಎಂದು ಓಡಿಸಿದ ಬ್ಯಾಚ್ ಕಡತ ವಿಂಡೋಸಿನ ಹೊಟ್ಟೆಯೊಳಗಿನ ಸಿಸ್ಟಂ 32 ಫೋಲ್ಡರಿನಲ್ಲಿ ನಿಂತಿರುತ್ತದೆ ಎಂಬುದು ಎಷ್ಟು ಜನರಿಗೆ ಗೊತ್ತು?

"ಪಾಠ ಮುಗಿಸಲೇ ಸಮಯವಿಲ್ಲ, ಇದನ್ನೆಲ್ಲ ಯಾವಾಗ ಹೇಳುವುದು?" ಎಂಬ ಆಕ್ಷೇಪ ಬರುತ್ತದೆ. ಕೇಳಬೇಕಾದ ಆಕ್ಷೇಪವೇ. ಈಗಿನ ಮಕ್ಕಳು ಮೊಬೈಲಿನಿಂದ ಬಂದವರು. ಅದರಲ್ಲಿ ಫೋಟೋ ಫೋಟೋಗಳ ಆಪಿನಲ್ಲಿ ಇರುತ್ತದೆ, ಹಾಡು ಹಾಡಿನ ಆಪಿನಲ್ಲಿ. ಫೋಲ್ಡರ್ ಎಂಬ ವಸ್ತು ಕಣ್ಣಿಗೆ ಬೀಳುವುದೇ ಅಪರೂಪ. ಫೋಲ್ಡರಿನೊಳಗೆ ಫೋಲ್ಡರ್ ಎಂಬುದನ್ನೇ ಬಿಡಿಸಿ ಹೇಳಬೇಕಾಗಿರುವಾಗ ನಿಂತ ಜಾಗದ ಮಾತು ಹೆಚ್ಚಾಯಿತು ಎನಿಸಬಹುದು. ನಾನು ಹೇಳುವುದು, ಅದಕ್ಕಾಗಿಯೇ ಬೇಕು ಎಂದು. ಇದಕ್ಕೆ ಬೇಕಾದ್ದು ಒಂದು ಪೀರಿಯಡ್. ಆಮೇಲೆ "ನಿನ್ನೆ ಸರಿ ಇತ್ತು" ಎಂಬ ದೂರಿನ ಹಿಂದೆ ಓಡಿ ಕಳೆಯುವ ಪೀರಿಯಡುಗಳನ್ನು ಲೆಕ್ಕ ಹಾಕಿ ನೋಡಿ.

ಆ ಒಂದು ಪೀರಿಯಡಿನಲ್ಲಿ ಹೀಗೆ ಮಾಡಬಹುದು. ಮೊದಲು ಟರ್ಮಿನಲ್ ತೆರೆಸಿ "ಪಿಡಬ್ಲ್ಯುಡಿ" ಎಂದು ಟೈಪ್ ಮಾಡಿಸಿ. ರಸ್ತೆ ರಿಪೇರಿ ಇಲಾಖೆಯ ಹೆಸರು ಕೇಳಿ ಮಕ್ಕಳು ನಗುತ್ತಾರೆ, ನಗಲಿ, ಮರೆಯುವುದಿಲ್ಲ. ನಾನು ಎಲ್ಲಿ ನಿಂತಿದ್ದೇನೆ ಎಂದು ಕೇಳುವ ಆಜ್ಞೆ ಅದು. ಬಳಿಕ ಮೂರು ಫೋಲ್ಡರ್ ಮಾಡಿಸಿ, ಕುಂಬಳೆ, ಉಪ್ಪಳ, ಬದಿಯಡ್ಕ ಎಂದು ಹೆಸರಿಡಿ. ಮೂರರಲ್ಲೂ "ಊರು" ಎಂಬ ಒಂದೇ ಹೆಸರಿನ ಕಡತ ಇರಲಿ, ಒಳಗೆ ಆಯಾ ಊರಿನ ಬಗ್ಗೆ ಒಂದೊಂದು ಸಾಲು. "ಊರು" ಕಡತ ತೆರೆದು ಒಳಗಿನ ಸಾಲನ್ನು ತೋರಿಸುವ ಎರಡು ಸಾಲಿನ ಪೈಥಾನ್ ಪ್ರೋಗ್ರಾಮನ್ನು ಕುಂಬಳೆಯಲ್ಲಿ ಇಡಿ. ಟರ್ಮಿನಲಿನಲ್ಲಿ ಒಂದೊಂದೇ ಊರಿಗೆ ಹೋಗಿ ಅದೇ ಪ್ರೋಗ್ರಾಮನ್ನು ಪೂರ್ತಿ ವಿಳಾಸ ಕೊಟ್ಟು ಓಡಿಸಲು ಹೇಳಿ. ಕುಂಬಳೆಯ ಪ್ರೋಗ್ರಾಂ ಉಪ್ಪಳದ ಸಾಲು ಹೇಳುವುದನ್ನು ಅವರೇ ನೋಡಲಿ. ಆಮೇಲೆ "ಪಾತ್" ಸಾಲಿಲ್ಲದ, "ಟರ್ಮಿನಲ್" ಸಾಲಿನಲ್ಲಿ "ಟ್ರೂ" ಎಂದಿರುವ ಒಂದು ಐಕನ್ ಮಾಡಿಕೊಡಿ. ಕಿಟಕಿ ತಕ್ಷಣ ಮುಚ್ಚದಿರಲು ಓಡಿಸುವ ಆಜ್ಞೆಯಲ್ಲಿ ಪೈಥಾನ್ ಹೆಸರಿನ ಮುಂದೆ ಅಡ್ಡಗೆರೆ ಹಾಕಿ ಸಣ್ಣ "ಐ" ಅಕ್ಷರ ಸೇರಿಸಿದರೆ ಸಾಕು. ಐಕನ್ ಒತ್ತುವ ಮೊದಲು ಪ್ರತಿಯೊಬ್ಬರೂ ನೋಟ್ ಪುಸ್ತಕದಲ್ಲಿ ಬರೆದಿಡಲಿ, ಈಗ ಯಾವ ಊರಿನ ಸಾಲು ಬರುತ್ತದೆ, ಅಥವಾ ಏನೂ ಬರುವುದಿಲ್ಲವೇ, ಯಾಕೆ.